ಬೇಸ್‌ಬಾಲ್ ಬ್ಯಾಟಿಂಗ್ ಮತ್ತು ಕೋರ್ ತರಬೇತಿ: ಹದಿಹರೆಯದ ಆಟಗಾರರೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಅಭ್ಯಾಸ ಮುಗಿದ ಮೇಲೆ ಮಕ್ಕಳು ಕೇಳುವುದು, ಪೋಷಕರು ಮೆಸೇಜಿನಲ್ಲಿ ಕೇಳುವುದು, ಹೊಸದಾಗಿ ಕೋಚಿಂಗ್‌ಗೆ ಇಳಿದವರು ಫೋನ್ ಮಾಡಿ ಕೇಳುವುದು ಸುತ್ತಿ ಬಳಸಿ ಇವೇ ಪ್ರಶ್ನೆಗಳು. ಕೇಳಿದವರ ಮಾತನ್ನೇ ತಲೆಬರಹವಾಗಿ ಇಟ್ಟಿದ್ದೇನೆ. 12ರಿಂದ 18 ವರ್ಷದ ಆಟಗಾರರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಉದಾಹರಣೆಗಳೆಲ್ಲ ಬಲಗೈ ಬ್ಯಾಟರ್‌ಗೆ ಹೊಂದುವಂತೆ ಇವೆ. ಎಡಗೈಯವರು ಎಡ-ಬಲ ಅದಲು ಬದಲು ಮಾಡಿಕೊಂಡರೆ ಆಯಿತು.

## ಮೊದಲಿಗೆ

ಕೋರ್ ಅಂದ್ರೆ ಸಿಕ್ಸ್ ಪ್ಯಾಕ್ ತಾನೇ?

ಅಲ್ಲ. ಮುಂದೆ ಕಾಣುವ ಹೊಟ್ಟೆಯ ಸ್ನಾಯು ಕೋರ್‌ನ ಒಂದು ಭಾಗ ಅಷ್ಟೆ. ಅದರ ಒಳಗಡೆ ಹೊಟ್ಟೆಯನ್ನು ಅಡ್ಡಲಾಗಿ ಸುತ್ತಿರುವ ಆಳದ ಸ್ನಾಯು ಇದೆ. ಪಕ್ಕೆಗಳಲ್ಲಿ ಓರೆಯಾಗಿ ಹಾದುಹೋಗುವ ಆಬ್ಲಿಕ್ ಸ್ನಾಯುಗಳಿವೆ. ಬೆನ್ನುಮೂಳೆಯ ಉದ್ದಕ್ಕೂ ಇರುವ ಸ್ನಾಯುಗಳು, ಮೇಲೆ ವಪೆ (ಉಸಿರಾಟದ ಸ್ನಾಯು, ಡಯಾಫ್ರಮ್), ಕೆಳಗೆ ಪೆಲ್ವಿಸ್‌ನ (ಸೊಂಟದ ಮೂಳೆಚೌಕಟ್ಟಿನ) ತಳದ ಸ್ನಾಯುಗಳು, ಹಿಂದೆ ಪೃಷ್ಠದ ಸ್ನಾಯುಗಳು ಎಲ್ಲ ಸೇರಿದರೆ ಕೋರ್. ಬ್ಯಾಟರ್‌ಗೆ ಇವುಗಳಲ್ಲಿ ಹೆಚ್ಚು ಬೇಕಾದದ್ದು ಆಬ್ಲಿಕ್ ಮತ್ತು ಪೃಷ್ಠ. ಕನ್ನಡಿಯಲ್ಲಿ ಎರಡೂ ಅಷ್ಟಾಗಿ ಕಾಣುವುದಿಲ್ಲ. ಅದಕ್ಕೇ ಏನೋ, ಹುಡುಗರು ಅವನ್ನು ಮರೆತೇ ಬಿಡುತ್ತಾರೆ.

ಬ್ಯಾಟ್ ಬೀಸೋದು ಕೈ. ಅಲ್ಲಿ ಸೊಂಟಕ್ಕೆ ಏನು ಕೆಲಸ?

ಬ್ಯಾಟ್ ಹಿಡಿಯುವುದು ಕೈ. ಬೀಸುವ ಶಕ್ತಿ ಹುಟ್ಟುವುದು ನೆಲದಿಂದ. ಹಿಂದಿನ ಕಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಅದರ ಬೆನ್ನಿಗೇ ಎದೆ-ಭುಜ ತಿರುಗುತ್ತವೆ, ಆಮೇಲೆ ತೋಳು, ಕೊನೆಗೆ ಬ್ಯಾಟ್. ಒಂದೊಂದು ಹಂತವೂ ಹಿಂದಿನದಕ್ಕಿಂತ ಜಾಸ್ತಿ ವೇಗದಲ್ಲಿ ತಿರುಗುತ್ತದೆ. ವೃತ್ತಿಪರ ಬ್ಯಾಟರ್‌ಗಳನ್ನು ಅಳೆದು 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೊಂಟ ಸೆಕೆಂಡಿಗೆ ಸುಮಾರು 714 ಡಿಗ್ರಿ ವೇಗ ಮುಟ್ಟಿತ್ತು, ಅದರ ನಂತರ ಭುಜ ಸುಮಾರು 937 ಡಿಗ್ರಿ.

ಸೊಂಟಕ್ಕೂ ಭುಜಕ್ಕೂ ನಡುವೆ ಇರುವುದೇ ಕೋರ್. ಕಾಲಿನಲ್ಲಿ ಹುಟ್ಟಿದ ಬಲವನ್ನು ಮೇಲಕ್ಕೆ ದಾಟಿಸುವುದು ಅದರ ಕೆಲಸ. ಅಲ್ಲಿ ಬಿಗಿ ಇಲ್ಲದಿದ್ದರೆ ಸೋರುವ ಪೈಪಿನಲ್ಲಿ ನೀರು ಹರಿದ ಹಾಗೆ, ಕೆಳಗೆ ಎಷ್ಟು ಜೋರಾಗಿ ಬಿಟ್ಟರೂ ಮೇಲೆ ತಲುಪುವುದು ಸ್ವಲ್ಪವೇ.

ಇದನ್ನು ಕಣ್ಣಾರೆ ನೋಡಬೇಕಾ? ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ನಿಲ್ಲುವ ಕಡೆಯಿಂದ, ನೆಟ್‌ನ ಹಿಂದೆ ನಿಂತು. ಬೆಲ್ಟಿನ ಬಕಲ್ ಮತ್ತು ಜೆರ್ಸಿಯ ಎದೆ ಮೇಲಿನ ಅಕ್ಷರಗಳನ್ನು ಮಾತ್ರ ಗಮನಿಸಿ. ಮುಂದಿನ ಪಾದ ಊರಿದ ಕೂಡಲೇ ಬಕಲ್ ಪಿಚರ್ ಕಡೆ ತಿರುಗಲು ಶುರುವಾಗಬೇಕು, ಅಕ್ಷರಗಳು ಆ ಕ್ಷಣಕ್ಕೆ ಇನ್ನೂ ಹಿಂದೆಯೇ ಇರಬೇಕು. ಎರಡೂ ಒಟ್ಟಿಗೆ ತಿರುಗಿದರೆ ಆ ಹುಡುಗ ಕೈಯಿಂದಲೇ ಹೊಡೆಯುತ್ತಿದ್ದಾನೆ ಎಂದು ತಿಳಿಯಿರಿ.

ಕೋರ್ ಗಟ್ಟಿಯಾದ್ರೆ ಬ್ಯಾಟಿಂಗ್ ಆವರೇಜ್ ಜಾಸ್ತಿ ಆಗುತ್ತಾ?

ನೇರವಾಗಿ ಹೌದು ಎಂದು ಹೇಳಲಾರೆ. ಯಾವ ಪಿಚ್‌ಗೆ (ಪಿಚರ್‌ನ ಎಸೆತಕ್ಕೆ) ಬೀಸಬೇಕು, ಯಾವುದನ್ನು ಬಿಡಬೇಕು ಎನ್ನುವುದು ಕಣ್ಣು ಮತ್ತು ಅನುಭವದ ಕೆಲಸ. ಪ್ಲ್ಯಾಂಕ್ (ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿಯುವ ವ್ಯಾಯಾಮ) ಮಾಡಿ ಕರ್ವ್‌ಬಾಲ್ (ಬಾಗಿ ಬರುವ ಚೆಂಡು) ಗುರುತಿಸಲು ಕಲಿಯುವುದು ಸಾಧ್ಯವಿಲ್ಲ.

ಆದರೆ ಬ್ಯಾಟಿನ ವೇಗ ಹೆಚ್ಚಬಹುದು, ಅದರಿಂದ ಎರಡು ಲಾಭ. ಮೊದಲನೆಯದು ದೂರ. ಚೆನ್ನಾಗಿ ತಗುಲಿದ ಹೊಡೆತದಲ್ಲಿ ಬ್ಯಾಟಿನ ವೇಗ ಗಂಟೆಗೆ 1 ಕಿ.ಮೀ. ಹೆಚ್ಚಾದರೆ ಚೆಂಡು ಚಿಮ್ಮುವ ವೇಗ ಸುಮಾರು 1.2 ಕಿ.ಮೀ. ಹೆಚ್ಚುತ್ತದೆ. ಪಿಚ್‌ನ ವೇಗ ಅಷ್ಟೇ ಹೆಚ್ಚಾದರೆ ಸಿಗುವುದು ಬರೀ 0.2 ಕಿ.ಮೀ. ಹಾಗಾಗಿ ‘ಪಿಚರ್ ನಿಧಾನ, ಅದಕ್ಕೇ ದೂರ ಹೋಗಲಿಲ್ಲ’ ಎನ್ನುವ ಮಾತಿನಲ್ಲಿ ಹುರುಳಿಲ್ಲ.

ಎರಡನೆಯದು ಸಮಯ, ನನ್ನ ಪ್ರಕಾರ ಇದೇ ದೊಡ್ಡದು. ಪಿಚರ್‌ನ ಗುರುತಿನಿಂದ ಬ್ಯಾಟರ್ ನಿಲ್ಲುವ ಕಡೆಯ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು, ಅಂದರೆ 18.44 ಮೀಟರ್. ಗಂಟೆಗೆ 120 ಕಿ.ಮೀ. ವೇಗದ ಪಿಚ್ ಕೈಬಿಟ್ಟು ಪ್ಲೇಟ್ ತಲುಪಲು ಸುಮಾರು ಅರ್ಧ ಸೆಕೆಂಡು ಸಾಕು. ಬೀಸುವುದಕ್ಕೇ ಅದರಲ್ಲಿ ಒಂದು ಪಾಲು ಹೋಗುತ್ತದೆ. ಬ್ಯಾಟ್ ಬೇಗ ಬಂದರೆ ಅಷ್ಟರ ಮಟ್ಟಿಗೆ ಚೆಂಡನ್ನು ಇನ್ನೊಂದು ಚೂರು ಹೊತ್ತು ನೋಡಬಹುದು. ಆ ಚೂರು ಹೊತ್ತನ್ನು ಬಳಸಿಕೊಳ್ಳುವವನ ಆವರೇಜ್ ನಿಧಾನವಾಗಿ ಏರಬಹುದು.

ಮಗನಿಗೆ ಈಗ 13. ಈ ವಯಸ್ಸಿಗೇ ಇದೆಲ್ಲ ಮಾಡಿಸಿದರೆ ಎತ್ತರ ಬೆಳೆಯೋದು ನಿಂತು ಹೋಗುತ್ತೆ ಅಂತಾರಲ್ಲ?

ನಿಲ್ಲುವುದಿಲ್ಲ. ಸರಿಯಾದ ಮೇಲ್ವಿಚಾರಣೆಯಲ್ಲಿ ಮಾಡುವ ಶಕ್ತಿ ತರಬೇತಿಯಿಂದ ಎತ್ತರ ಕುಂಠಿತವಾಗುತ್ತದೆ ಎನ್ನಲು ಆಧಾರವಿಲ್ಲ. ಮಕ್ಕಳ ವೈದ್ಯರ ಸಂಘಟನೆಗಳೂ ಇಂಥ ತರಬೇತಿಯನ್ನು ಒಪ್ಪುತ್ತವೆ. ಹೇಳಿದ್ದನ್ನು ಕೇಳಿ, ಅದೇ ರೀತಿ ಮಾಡುವಷ್ಟು ಗಮನ ಮಗುವಿಗೆ ಇದ್ದರೆ ಸಾಕು.

ಜಾಗ್ರತೆ ಬೇಕಾದದ್ದು ಬೇರೆ ಕಡೆ. ಹುಡುಗರು ಸುಮಾರು 14ರ ಆಸುಪಾಸಿನಲ್ಲಿ, ಹುಡುಗಿಯರು 12ರ ಆಸುಪಾಸಿನಲ್ಲಿ ಸರ್ರನೆ ಎತ್ತರವಾಗುತ್ತಾರೆ. ಕೈಕಾಲು ಉದ್ದವಾಗುತ್ತವೆ, ಅವನ್ನು ಹಿಡಿತದಲ್ಲಿ ಇಡುವ ಸ್ನಾಯುಗಳು ಅಷ್ಟು ಬೇಗ ತಯಾರಾಗಿರುವುದಿಲ್ಲ. ಹೋದ ವರ್ಷ ಚೆನ್ನಾಗಿ ಆಡುತ್ತಿದ್ದವನು ಈ ವರ್ಷ ಸ್ವಿಂಗ್‌ನಲ್ಲಿ (ಬ್ಯಾಟ್ ಬೀಸುವುದರಲ್ಲಿ) ಎಡವುತ್ತಾನೆ, ತೊಡೆಯ ಸ್ನಾಯು ಬಿಗಿ ಎನ್ನುತ್ತಾನೆ. ಇದು ಸೋಮಾರಿತನ ಅಲ್ಲ. ದಯವಿಟ್ಟು ಆ ಹೊತ್ತಿನಲ್ಲಿ ಬೈಯಬೇಡಿ. ಭಾರ ಇಳಿಸಿ, ಸಮತೋಲನ ಮತ್ತು ನಿಧಾನದ ವ್ಯಾಯಾಮ ಹೆಚ್ಚಿಸಿ. ಬಾಗಿಲ ಚೌಕಟ್ಟಿನ ಮೇಲೆ ತಿಂಗಳಿಗೊಮ್ಮೆ ಎತ್ತರ ಗುರುತು ಹಾಕುತ್ತಾ ಬಂದರೆ ಆ ಕಾಲ ಯಾವಾಗ ಬಂತು ಎಂದು ನಿಮಗೇ ಗೊತ್ತಾಗುತ್ತದೆ.

## ಅಭ್ಯಾಸಕ್ಕೆ ಇಳಿದ ಮೇಲೆ

ಸರ್, ನಾನು ಮೂರು ನಿಮಿಷ ಪ್ಲ್ಯಾಂಕ್ ಹಿಡೀತೀನಿ. ಆದ್ರೂ ಬಾಲ್ ಔಟ್‌ಫೀಲ್ಡ್ ದಾಟಲ್ಲ. ಯಾಕೆ?

ಯಾಕೆಂದರೆ ನೀನು ಅಲುಗಾಡದೆ ಇರುವುದರಲ್ಲಿ ಪಳಗಿದ್ದೀಯ. ಸ್ವಿಂಗ್ ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ತಿರುಗು. ಮೂರು ನಿಮಿಷದ ತಾಳ್ಮೆಗೂ ಆ ಒಂದು ಕ್ಷಣದ ಸ್ಫೋಟಕ್ಕೂ ಸಂಬಂಧ ಕಡಿಮೆ.

ಪ್ಲ್ಯಾಂಕ್ ಬಿಡು ಎನ್ನುತ್ತಿಲ್ಲ. ಬೆನ್ನು ಕುಸಿಯದೆ 30ರಿಂದ 45 ಸೆಕೆಂಡು ಹಿಡಿದರೆ ಅದರ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಸಮಯ ಹೆಚ್ಚಿಸುವ ಬದಲು ಕಷ್ಟ ಹೆಚ್ಚಿಸು. ಒಂದು ಕೈ ಎತ್ತಿ ಎದುರಿನ ಭುಜ ಮುಟ್ಟು, ಸೊಂಟ ಎಡಕ್ಕೂ ಬಲಕ್ಕೂ ಹೊರಳಬಾರದು. ಉಳಿದ ಹೊತ್ತನ್ನು ಕಾಲಿನ ಬಲಕ್ಕೂ ಚೆಂಡು ಎಸೆಯುವ ವ್ಯಾಯಾಮಕ್ಕೂ ಕೊಡು.

ಯಾವ ಯಾವ ವ್ಯಾಯಾಮ, ಯಾವ ಕ್ರಮದಲ್ಲಿ ಮಾಡಿಸಬೇಕು?

ನಾನು ಮೂರು ಹಂತ ಇಟ್ಟುಕೊಂಡಿದ್ದೇನೆ. ಮೊದಲು ತಿರುಗದೆ ಇರುವುದನ್ನು ಕಲಿಯಬೇಕು, ಆಮೇಲೆ ನಿಧಾನವಾಗಿ ತಿರುಗುವುದು, ಕೊನೆಗೆ ಜೋರಾಗಿ ತಿರುಗುವುದು. ಅವಸರ ಮಾಡುವವರು ಮೂರನೆಯದರಿಂದಲೇ ಶುರು ಮಾಡುತ್ತಾರೆ, ನೋವೂ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲ ಹಂತದಲ್ಲಿ ಡೆಡ್ ಬಗ್, ಬರ್ಡ್ ಡಾಗ್ (ಅಂಗೈ-ಮಂಡಿ ಊರಿ ಒಂದು ಕೈ ಮತ್ತು ಎದುರಿನ ಕಾಲು ಚಾಚುವುದು), ಸೈಡ್ ಪ್ಲ್ಯಾಂಕ್ (ಪಕ್ಕಕ್ಕೆ ಮಲಗಿ ಮೊಣಕೈ ಊರಿ ಮೈ ಎತ್ತಿ ಹಿಡಿಯುವುದು), ಗ್ಲೂಟ್ ಬ್ರಿಡ್ಜ್ (ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು), ಪ್ಯಾಲೋಫ್ ಪ್ರೆಸ್. ಇವುಗಳಲ್ಲಿ ಬರ್ಡ್ ಡಾಗ್ ಮತ್ತು ಸೈಡ್ ಪ್ಲ್ಯಾಂಕ್, ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಪ್ರಸಿದ್ಧಿಗೆ ತಂದ ಮೂರು ವ್ಯಾಯಾಮಗಳಲ್ಲಿ ಎರಡು. ಅವರು ಹೇಳುವಂತೆ ಒಮ್ಮೆಲೇ ತುಂಬಾ ಹೊತ್ತು ಹಿಡಿಯದೆ ಹತ್ತು ಸೆಕೆಂಡಿನಂತೆ ಮತ್ತೆ ಮತ್ತೆ ಹಿಡಿಯುವುದು ಒಳ್ಳೆಯದು. ಸುಸ್ತಾಗುವ ಮೊದಲೇ ಬಿಡುವುದರಿಂದ ಭಂಗಿ ಕೆಡುವುದಿಲ್ಲ.

ಡೆಡ್ ಬಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸುಲಭ ಅನ್ನಿಸಿ ಎಲ್ಲರೂ ತಪ್ಪು ಮಾಡುವುದು ಇದರಲ್ಲೇ. ಅಂಗಾತ ಮಲಗಿ. ಎರಡೂ ಕೈ ಮೇಲಕ್ಕೆ, ಮಂಡಿ ಮಡಚಿ ಸೊಂಟದ ನೇರಕ್ಕೆ. ಈಗ ಕೆಳಬೆನ್ನಿನ ಅಡಿಗೆ ಕೋಚ್ ತನ್ನ ಅಂಗೈ ತೂರಿಸಿ ಇಡಲಿ. ಆಟಗಾರ ಆ ಅಂಗೈಯನ್ನು ಬೆನ್ನಿನಿಂದ ಹಗುರವಾಗಿ ಒತ್ತಿ ಹಿಡಿಯಬೇಕು. ಬಾಯಿಂದ ಉಸಿರು ಬಿಡುತ್ತಾ ಬಲಗೈ ತಲೆಯ ಕಡೆಗೆ, ಎಡಗಾಲು ಮುಂದಕ್ಕೆ ಚಾಚಬೇಕು. ಅಂಗೈ ಮೇಲಿನ ಒತ್ತಡ ತಪ್ಪಿತೋ, ಅಲ್ಲಿಗೆ ನಿಲ್ಲಿಸಿ. ಕಾಲು ಅಷ್ಟು ದೂರ ಹೋಗಬಾರದಿತ್ತು ಎಂದರ್ಥ. ಎಷ್ಟೋ ಗಟ್ಟಿಮುಟ್ಟಾದ ಹುಡುಗರಿಗೆ ಅರ್ಧ ದೂರಕ್ಕೇ ಒತ್ತಡ ತಪ್ಪುತ್ತದೆ.

ಪ್ಯಾಲೋಫ್ ಪ್ರೆಸ್ ಬ್ಯಾಟರ್‌ಗೆಂದೇ ಮಾಡಿಸಿದ ಹಾಗಿದೆ. ಎದೆ ಎತ್ತರದಲ್ಲಿ ಪಕ್ಕಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಎದೆಯ ಮುಂದಕ್ಕೆ ಚಾಚಿ ನಿಲ್ಲುವುದು. ಬ್ಯಾಂಡ್ ನಿಮ್ಮನ್ನು ತಿರುಗಿಸಲು ನೋಡುತ್ತದೆ, ನೀವು ತಿರುಗಬಾರದು.

ಎರಡನೇ ಹಂತದಲ್ಲಿ ಒಂದು ಮಂಡಿ ಊರಿ ಕುಳಿತು, ಬ್ಯಾಂಡನ್ನು ಮೇಲಿನಿಂದ ಓರೆಯಾಗಿ ಕೆಳಕ್ಕೆ, ಕೆಳಗಿನಿಂದ ಓರೆಯಾಗಿ ಮೇಲಕ್ಕೆ ಎಳೆಯುವ ವ್ಯಾಯಾಮಗಳು. ಜೊತೆಗೆ ಸ್ಕ್ವಾಟ್ (ಕುಕ್ಕರಿಸಿ ಏಳುವುದು), ಲಂಜ್ (ಒಂದು ಕಾಲು ಮುಂದಿಟ್ಟು ಬಗ್ಗಿ ಏಳುವುದು) ಮುಂತಾದ ಕಾಲಿನ ಕೆಲಸ. ಮೂರನೇ ಹಂತ ಮೆಡಿಸಿನ್ ಬಾಲ್ (ವ್ಯಾಯಾಮಕ್ಕೆಂದೇ ಇರುವ ಭಾರದ ಚೆಂಡು): ಗೋಡೆಗೆ ಪಕ್ಕ ತಿರುಗಿ ಸ್ವಿಂಗ್‌ನ ನಿಲುವಿನಲ್ಲೇ ನಿಂತು ಜೋರಾಗಿ ಎಸೆಯುವುದು. ಒಂದೊಂದು ಹಂತಕ್ಕೆ ಮೂರ್ನಾಲ್ಕು ವಾರ ಕೊಡಿ. ಮುಂದಿನ ಹಂತಕ್ಕೆ ಹೋದ ಮೇಲೂ ಮೊದಲ ಹಂತದ ಒಂದೆರಡು ವ್ಯಾಯಾಮ ವಾರ್ಮ್-ಅಪ್‌ನಲ್ಲಿ ಉಳಿಯಲಿ.

ವಾರಕ್ಕೆ ಎಷ್ಟು ದಿನ?

ಎರಡು ಅಥವಾ ಮೂರು ದಿನ, ಒಂದು ಸಲಕ್ಕೆ 15ರಿಂದ 20 ನಿಮಿಷ. ನಡುವೆ ಒಂದು ದಿನದ ಬಿಡುವು. ಪಂದ್ಯಗಳ ಕಾಲದಲ್ಲಿ ಎರಡು ದಿನ ಸಾಕು. ಪಂದ್ಯದ ದಿನ ಹಗುರವಾದ ಡೆಡ್ ಬಗ್, ಒಂದೆರಡು ಎಸೆತ, ಅಷ್ಟೆ.

ಮೆಡಿಸಿನ್ ಬಾಲ್ ಎಷ್ಟು ಕೆ.ಜಿ. ಇರಬೇಕು? ಭಾರ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ?

ಹದಿಹರೆಯದವರಿಗೆ 1ರಿಂದ 3 ಕೆ.ಜಿ. ಹೆಚ್ಚಿನವರಿಗೆ 2 ಕೆ.ಜಿ. ಸರಿಹೋಗುತ್ತದೆ. ಬೇಸ್‌ಬಾಲ್ ಬ್ಯಾಟ್ ಒಂದು ಕೆ.ಜಿ.ಗಿಂತ ಹಗುರ. ಅದನ್ನು ವೇಗವಾಗಿ ಬೀಸಲು ವೇಗವನ್ನೇ ಅಭ್ಯಾಸ ಮಾಡಬೇಕು. ಚೆಂಡು ಗೋಡೆಗೆ ಬಡಿಯುವ ಸದ್ದನ್ನು ಕೇಳಿ. ಮೊದಲ ಎಸೆತದ ಸದ್ದು ಎಂಟನೇ ಎಸೆತಕ್ಕೂ ಇರಬೇಕು. ಸದ್ದು ಮಂಕಾದರೆ ಭಾರ ಜಾಸ್ತಿಯಾಗಿದೆ ಅಥವಾ ಹುಡುಗ ದಣಿದಿದ್ದಾನೆ. ಒಂದು ಕಡೆಗೆ ಆರರಿಂದ ಎಂಟು ಎಸೆತ, ನಡುವೆ ಧಾರಾಳ ವಿಶ್ರಾಂತಿ.

ಇದಕ್ಕೆ ಒಳ್ಳೆಯ ಆಧಾರವೂ ಇದೆ. ಅಮೆರಿಕದ ಹೈಸ್ಕೂಲ್ ಆಟಗಾರರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ಗುಂಪುಗಳೂ 12 ವಾರ ಭಾರ ಎತ್ತುವ ತರಬೇತಿ ಮಾಡಿದವು, ವಾರಕ್ಕೆ ಮೂರು ದಿನ ನೂರು ನೂರು ಸ್ವಿಂಗ್ ಹೊಡೆದವು. ಒಂದು ಗುಂಪು ಅದರ ಜೊತೆಗೆ ಮೆಡಿಸಿನ್ ಬಾಲ್ ವ್ಯಾಯಾಮವನ್ನೂ ಮಾಡಿತು. ಎರಡೂ ಗುಂಪು ಸುಧಾರಿಸಿದವು, ಆದರೆ ದೇಹ ತಿರುಗಿಸುವ ಬಲ ಮೆಡಿಸಿನ್ ಬಾಲ್ ಗುಂಪಿಗೆ ಹೆಚ್ಚು ಬಂತು. ಇಲ್ಲಿ ಗಮನಿಸಬೇಕಾದ್ದು, ಆ ಹುಡುಗರು ಚೆಂಡು ಎಸೆದದ್ದಷ್ಟೇ ಅಲ್ಲ, ಭಾರವನ್ನೂ ಎತ್ತಿದರು, ಬ್ಯಾಟನ್ನೂ ಬೀಸಿದರು. ಕೋರ್ ವ್ಯಾಯಾಮ ಒಂದನ್ನೇ ಮಾಡಿಸಿ ಪವಾಡ ಕಾಯುವವರಿಗೆ ನಾನು ಈ ಮಾತನ್ನೇ ಹೇಳುತ್ತೇನೆ.

ನಮ್ಮ ಮನೇಲಿ ಬಾಲೂ ಇಲ್ಲ, ಬ್ಯಾಂಡೂ ಇಲ್ಲ. ಏನು ಮಾಡಲಿ?

ಮೊದಲ ಹಂತದಲ್ಲಿ ಪ್ಯಾಲೋಫ್ ಪ್ರೆಸ್ ಬಿಟ್ಟರೆ ಉಳಿದ ಯಾವುದಕ್ಕೂ ಸಾಮಾನು ಬೇಕಾಗಿಲ್ಲ. ಮೊದಲ ತಿಂಗಳು ಅದರಲ್ಲೇ ಕಳೆಯುತ್ತದೆ, ಅಷ್ಟರಲ್ಲಿ ಒಂದು ರಬ್ಬರ್ ಬ್ಯಾಂಡ್ ಹೊಂದಿಸಿಕೊಳ್ಳಿ.

ಸಿಟ್-ಅಪ್, ರಷ್ಯನ್ ಟ್ವಿಸ್ಟ್ ದಿನಾ ನೂರು ಮಾಡಿಸ್ತಾರೆ. ಸರಿನಾ?

ನಾನಾದರೆ ಮಾಡಿಸುವುದಿಲ್ಲ. ಸ್ವಿಂಗ್ ಮಾಡುವಾಗ ಸೊಂಟ ಮತ್ತು ಎದೆ ತಿರುಗುತ್ತವೆ, ಕೆಳಬೆನ್ನು ಹೆಚ್ಚು ತಿರುಗಬಾರದು. ಕೆಳಬೆನ್ನಿನ ಮೂಳೆಗಳ ಕೀಲುಗಳು ತಿರುಗಲು ಹೇಳಿ ಮಾಡಿಸಿದವಲ್ಲ, ಒಂದೊಂದೂ ಒಂದೆರಡು ಡಿಗ್ರಿ ತಿರುಗಿದರೆ ಹೆಚ್ಚು. ಕುಳಿತು, ಬೆನ್ನು ಬಾಗಿಸಿ, ಭಾರ ಹಿಡಿದು ನೂರು ಸಲ ತಿರುಗಿಸುವಾಗ ಪೆಲ್ವಿಸ್ ನೆಲಕ್ಕೆ ಅಂಟಿಕೊಂಡಿರುತ್ತದೆ, ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ಬ್ಯಾಟಿಂಗ್‌ನಲ್ಲಿ ಈಗಾಗಲೇ ಸಾವಿರಾರು ಸಲ ತಿರುಗುವ ಹುಡುಗನಿಗೆ ಇದು ಸುಮ್ನೆ ಹೊರೆ. ಅದೇ ಹೊತ್ತಿನಲ್ಲಿ ನಿಂತು ಚೆಂಡು ಎಸೆಯಲಿ, ಪಾದವೂ ಸೊಂಟವೂ ಒಟ್ಟಿಗೆ ತಿರುಗುತ್ತವೆ.

ಬಲಗೈ ಬ್ಯಾಟರ್ ಒಂದೇ ಕಡೆಗೆ ಮಾಡಿದ್ರೆ ಸಾಲದಾ?

ಸಾಲದು. ಬೀಸಿದ ವೇಗವನ್ನು ಹಿಡಿದು ನಿಲ್ಲಿಸುವುದು ಎದುರು ಕಡೆಯ ಸ್ನಾಯುಗಳು. ಎರಡೂ ಕಡೆ ಸಮ ಸಮ ಮಾಡಿಸಿ. ಸೈಡ್ ಪ್ಲ್ಯಾಂಕ್ ಯಾವ ಕಡೆ ದುರ್ಬಲವೋ ಆ ಕಡೆಗೆ ಒಂದು ಸುತ್ತು ಜಾಸ್ತಿ.

## ಇನ್ನೂ ಆಳಕ್ಕೆ

ಬ್ಯಾಟಿಂಗ್ ಕೋಚ್ ಮೈ ಸಡಿಲ ಬಿಡು ಅಂತಾರೆ. ನೀವು ಹೊಟ್ಟೆ ಬಿಗಿ ಹಿಡಿ ಅಂತೀರಿ. ಯಾರ ಮಾತು ಕೇಳಲಿ?

ಇಬ್ಬರದ್ದೂ ಕೇಳು, ಬೇರೆ ಬೇರೆ ಹೊತ್ತಿನಲ್ಲಿ. ಪಿಚ್‌ಗೆ ಕಾಯುವಾಗ ಮೈ ಸಡಿಲವಾಗಿಯೇ ಇರಬೇಕು. ಆಗಲೇ ಬಿಗಿ ಹಿಡಿದರೆ ತಿರುಗುವ ವೇಗ ಸತ್ತುಹೋಗುತ್ತದೆ. ಮುಂದಿನ ಪಾದ ಊರಿದಾಗ ಒಂದು ಸಲ ಬಿಗಿ, ಚೆಂಡಿಗೆ ತಗಲುವ ಹೊತ್ತಿಗೆ ಇನ್ನೊಂದು ಸಲ ಬಿಗಿ. ನುರಿತ ಬ್ಯಾಟರ್‌ಗೆ ಇದು ತಾನಾಗಿಯೇ ಬರುತ್ತದೆ.

ಪ್ಲೇಟ್‌ನಲ್ಲಿ ನಿಂತು ‘ಈಗ ಬಿಗಿ ಹಿಡೀಬೇಕು’ ಎಂದು ಯೋಚಿಸಬೇಡ, ಚೆಂಡು ದಾಟಿಹೋಗಿರುತ್ತದೆ. ಮೆಡಿಸಿನ್ ಬಾಲ್ ಎಸೆಯುವಾಗ ಚುರುಕಾಗಿ ‘ಹಾ’ ಎಂದು ಉಸಿರು ಬಿಟ್ಟು ಅಭ್ಯಾಸ ಮಾಡು. ಉಸಿರಿನ ಜೊತೆ ಬಿಗಿಯೂ ತಾನೇ ಬರುತ್ತದೆ. ಮುಂದೆ ಅದೇ ಸ್ವಿಂಗ್‌ಗೂ ಬರುತ್ತದೆ.

ವಿಡಿಯೊದಲ್ಲಿ ಸೊಂಟ ಮೊದಲು ತಿರುಗೋದು ಕಾಣುತ್ತೆ, ಕೋರ್ ಕೂಡ ಗಟ್ಟಿ ಇದೆ. ಆದ್ರೂ ಬ್ಯಾಟ್‌ಗೆ ವೇಗ ಬರ್ತಿಲ್ಲ. ಎಲ್ಲಿ ಎಡವುತ್ತಿದ್ದಾನೆ?

ಮುಂದಿನ ಕಾಲನ್ನು ನೋಡಿ. ಚೆಂಡು ತಗಲುವ ಹೊತ್ತಿಗೆ ಬಲಗೈ ಬ್ಯಾಟರ್‌ನ ಎಡ ಮಂಡಿ ನೆಟ್ಟಗಾಗುತ್ತಾ ಇರಬೇಕು. ಆ ಕಾಲು ತಡೆದು ನಿಂತರೆ ಸೊಂಟ ಅದರ ಸುತ್ತ ತಿರುಗುತ್ತದೆ. ಮಂಡಿ ಇನ್ನೂ ಬಾಗುತ್ತಲೇ ಇದ್ದರೆ ದೇಹ ಮುಂದಕ್ಕೆ ಜಾರುತ್ತದೆ, ತಿರುಗುವ ಬಲ ಅಲ್ಲೇ ಕರಗುತ್ತದೆ.

ಮಂಡಿ ಸರಿಯಿದ್ದರೆ ಕೀಲುಗಳ ಚಲನೆ ನೋಡಿ. ಎಡ ಸೊಂಟದ ಕೀಲು ಒಳಕ್ಕೆ ತಿರುಗಬೇಕು. ಕುರ್ಚಿಯ ಮೇಲೆ ಕೂರಿಸಿ, ಮಂಡಿ ಅಲುಗದಂತೆ ಪಾದವನ್ನು ಹೊರಕ್ಕೆ ಸರಿಸಲು ಹೇಳಿ. ಎರಡೂ ಕಾಲಿನ ವ್ಯತ್ಯಾಸ ಕಣ್ಣಿಗೆ ಹೊಡೆದರೆ ಅಲ್ಲಿ ಕೆಲಸವಿದೆ. ಎದೆಯ ಮಟ್ಟದ ಬೆನ್ನೂ ತಿರುಗಬೇಕು. ಇವೆರಡೂ ಬಿಗಿಯಾಗಿದ್ದರೆ ತಿರುಗುವ ಕೆಲಸ ಮಧ್ಯದ ಕೆಳಬೆನ್ನಿಗೆ ಬೀಳುತ್ತದೆ. ಆಗ ಎಷ್ಟು ಕೋರ್ ವ್ಯಾಯಾಮ ಮಾಡಿಸಿದರೂ ಪ್ರಯೋಜನ ಕಾಣುವುದಿಲ್ಲ.

ಭಾರದ ಬ್ಯಾಟ್ ಬೀಸಿದ್ರೆ ಕೋರ್‌ಗೂ ವ್ಯಾಯಾಮ, ಸ್ವಿಂಗ್‌ಗೂ ವ್ಯಾಯಾಮ ಅಲ್ವಾ?

ತೀರಾ ಭಾರವಾದರೆ ಸ್ವಿಂಗ್‌ನ ಲಯವೇ ಬದಲಾಗುತ್ತದೆ. ಬ್ಯಾಟಿಗೆ ಭಾರದ ಬಳೆ ಹಾಕಿ ಬೀಸಿ ಪ್ಲೇಟ್‌ಗೆ ಹೋಗುವ ರೂಢಿಯನ್ನೇ ನೋಡಿ. ಬಳೆ ತೆಗೆದ ಮೇಲೆ ಬ್ಯಾಟ್ ಹಗುರ ಅನ್ನಿಸುತ್ತದೆ, ಆದರೆ ಅಳೆದು ನೋಡಿದ ಹಲವು ಅಧ್ಯಯನಗಳಲ್ಲಿ ವೇಗ ಕಡಿಮೆಯೇ ಆಗಿದೆ. ಪಂದ್ಯಕ್ಕೆ ಮೊದಲು ಸ್ವಂತ ಬ್ಯಾಟಿನಲ್ಲೇ ಬೀಸಿ.

ಅಮೆರಿಕದ ಹೈಸ್ಕೂಲ್ ಆಟದಲ್ಲಿ 2012ರಿಂದ ಲೋಹದ ಬ್ಯಾಟ್‌ಗಳಿಗೆ ಬಿಬಿಕಾರ್ (BBCOR) ಮಾನದಂಡ, ಅಂದರೆ ಬ್ಯಾಟಿನಿಂದ ಚೆಂಡು ಪುಟಿಯುವ ಪ್ರಮಾಣಕ್ಕೆ ಮಿತಿ, ಜಾರಿಯಲ್ಲಿದೆ. ಅಲ್ಲಿನ ನಿಯಮದಂತೆ ಬ್ಯಾಟಿನ ತೂಕದ ಔನ್ಸ್ ಸಂಖ್ಯೆ ಉದ್ದದ ಇಂಚಿನ ಸಂಖ್ಯೆಗಿಂತ ಹೆಚ್ಚೆಂದರೆ ಮೂರು ಕಡಿಮೆ ಇರಬಹುದು. 32 ಇಂಚಿನ ಬ್ಯಾಟ್ ಕನಿಷ್ಠ 29 ಔನ್ಸ್. ಹಗುರ ಬ್ಯಾಟಿನಿಂದ ಇದಕ್ಕೆ ಬದಲಾಗುವ 14 ವರ್ಷದ ಹುಡುಗ ಮೊದಲ ತಿಂಗಳು ಒದ್ದಾಡುವುದು ಸಹಜ. ಆ ಬದಲಾವಣೆಗೆ ಎರಡು ಮೂರು ತಿಂಗಳ ಮೊದಲೇ ಕೋರ್ ಮತ್ತು ಕಾಲಿನ ತರಬೇತಿ ಶುರುವಾಗಿರಲಿ.

ಸ್ವಿಂಗ್ ಮಾಡಿದ ಮೇಲೆ ಕೆಳಬೆನ್ನು ನೋವು ಅಂತಾನೆ. ಕೋರ್ ವ್ಯಾಯಾಮ ಜಾಸ್ತಿ ಮಾಡಿಸಲಾ?

ಮೊದಲು ನಿಲ್ಲಿಸಿ. ಹದಿಹರೆಯದವರ ಬೆನ್ನುನೋವನ್ನು ದೊಡ್ಡವರ ಬೆನ್ನುನೋವಿನಂತೆ ‘ಹಿಡಿದುಕೊಂಡಿದೆ, ಬಿಡುತ್ತೆ’ ಎಂದು ತಳ್ಳಿಹಾಕಬೇಡಿ. ಮತ್ತೆ ಮತ್ತೆ ಹಿಂದಕ್ಕೆ ಬಾಗಿ ತಿರುಗುವ ಆಟಗಳಲ್ಲಿ, ಬೆಳೆಯುವ ವಯಸ್ಸಿನವರ ಬೆನ್ನುಮೂಳೆಯ ಹಿಂಭಾಗದಲ್ಲಿ ಸಣ್ಣ ಬಿರುಕು ಬೀಳಬಹುದು. ಸ್ಪಾಂಡಿಲೊಲೈಸಿಸ್ ಎನ್ನುತ್ತಾರೆ. ಹೆಚ್ಚಾಗಿ ಸೊಂಟದ ಐದನೇ ಮೂಳೆಯಲ್ಲಿ.

ಒಂದು ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದಾಗ ನೋವು ಹೆಚ್ಚಾದರೆ, ಎರಡು ವಾರ ದಾಟಿದರೂ ಹೋಗದಿದ್ದರೆ, ಒಂದೇ ಕಡೆ ಚುಚ್ಚುತ್ತಿದ್ದರೆ ಕ್ರೀಡಾ ವೈದ್ಯರಿಗೆ ತೋರಿಸಿ. ಶುರುವಿನ ಬಿರುಕು ಎಕ್ಸ್-ರೇಯಲ್ಲಿ ಕಾಣದೆ ಇರಬಹುದು, ಎಂಆರ್‌ಐ ಬೇಕಾಗಬಹುದು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಕಾಲು ಜೋಮು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಒಂದು ದಿನವೂ ಕಾಯಬೇಡಿ.

ಬೇಗ ಗುರುತಿಸಿದರೆ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸು ಆಟದಿಂದ ದೂರ ಇರಿಸಿ, ಆಮೇಲೆ ನಿಧಾನವಾಗಿ ಮೊದಲ ಹಂತದ ವ್ಯಾಯಾಮಗಳಿಂದ ವಾಪಸ್ ತರುತ್ತಾರೆ. ಮೂರು ತಿಂಗಳು ಎಂದರೆ ಹುಡುಗನಿಗೆ ಒಂದು ಇಡೀ ಸೀಸನ್, ಅಳು ಬರುವಂಥ ವಿಷಯ. ಆದರೂ ನೋವಿನ ಮೇಲೆ ಆಡಿಸಿ ಆ ಬಿರುಕು ಕೂಡದೇ ಉಳಿದರೆ ಅದನ್ನು ಹೊತ್ತು ತಿರುಗಬೇಕಾದವನು ಅವನೇ.

ಒಂದು ಸ್ವಿಂಗ್‌ನಲ್ಲಿ ಪಕ್ಕೆ ಚಳಕ್ ಅಂತು. ಐಸ್ ಇಟ್ಟು ಮುಂದುವರಿಸಬಹುದಾ?

ಬೇಡ. ಆಬ್ಲಿಕ್ ಸ್ನಾಯು ಎಳೆದಿರಬಹುದು. ಬ್ಯಾಟರ್‌ಗಳಿಗೆ ಇದು ಹೆಚ್ಚಾಗಿ ಪಿಚರ್ ಕಡೆಗಿರುವ ಪಕ್ಕೆಯಲ್ಲಿ ಆಗುತ್ತದೆ. ಕೆಮ್ಮಿದರೆ, ಸೀನಿದರೆ ನೋವು ಬಂದರೆ ಅನುಮಾನವೇ ಬೇಡ. ವಾರಗಳು ಹಿಡಿಯುವ ಗಾಯ. ಅರ್ಧ ವಾಸಿಯಾದಾಗ ಪೂರ್ತಿ ಬಲ ಹಾಕಿ ಬೀಸಿದರೆ ಮತ್ತೆ ಮೊದಲಿಗೇ ಬರುತ್ತದೆ.

ಮಗ ಪಿಚಿಂಗೂ ಮಾಡ್ತಾನೆ, ಬ್ಯಾಟಿಂಗೂ ಮಾಡ್ತಾನೆ. ಇದೂ ಸೇರಿದರೆ ಜಾಸ್ತಿ ಆಗಲ್ವಾ?

ಆಗಬಹುದು. ಎಸೆತ, ಸ್ವಿಂಗ್, ಮೆಡಿಸಿನ್ ಬಾಲ್ ಮೂರೂ ತಿರುಗುವ ಕೆಲಸವೇ, ದೇಹ ಅವನ್ನು ಒಟ್ಟಿಗೇ ಲೆಕ್ಕ ಹಾಕುತ್ತದೆ. ಪಿಚ್ ಮಾಡಿದ ಮರುದಿನ ಮೆಡಿಸಿನ್ ಬಾಲ್ ಬೇಡ, ಬರೀ ಮೊದಲ ಹಂತದ ವ್ಯಾಯಾಮ ಸಾಕು.

ಇಷ್ಟೆಲ್ಲ ಮಾಡಿದ್ದು ಫಲ ಕೊಡ್ತಾ ಇಲ್ವಾ ಅಂತ ಹೇಗೆ ತಿಳಿಯೋದು?

ಪಂದ್ಯದ ಸ್ಕೋರಿನಿಂದ ತಿಳಿಯುವುದಿಲ್ಲ. ಅದರಲ್ಲಿ ಪಿಚರ್, ಫೀಲ್ಡರ್, ಅದೃಷ್ಟ ಎಲ್ಲ ಸೇರಿರುತ್ತದೆ. ಆರು ವಾರಕ್ಕೊಮ್ಮೆ ಮೂರು ಅಳತೆ ತೆಗೆದುಕೊಳ್ಳಿ. ಮೊದಲನೆಯದು ಟೀ (ಚೆಂಡು ಇಡುವ ಕಂಬದಂಥ ಸ್ಟ್ಯಾಂಡ್) ಮೇಲಿನ ಚೆಂಡನ್ನು ಹೊಡೆದಾಗ ಅದು ಚಿಮ್ಮುವ ವೇಗ, ರೇಡಾರ್ ಗನ್ ಇದ್ದರೆ. ಎರಡನೆಯದು ಪಕ್ಕ ತಿರುಗಿ ಎಸೆದ ಮೆಡಿಸಿನ್ ಬಾಲ್ ಹೋದ ದೂರ, ಎರಡೂ ಕಡೆಗೆ. ಮೂರನೆಯದು ಎಡ-ಬಲ ಸೈಡ್ ಪ್ಲ್ಯಾಂಕ್‌ನ ಸಮಯ. ಅದೇ ಬ್ಯಾಟ್, ಅದೇ ಚೆಂಡು, ಅದೇ ಹೊತ್ತು, ದಣಿಯದ ದಿನ.

ಪ್ರತಿ ಸಲ ಎತ್ತರ ಮತ್ತು ತೂಕವನ್ನೂ ಪಕ್ಕದಲ್ಲಿ ಬರೆಯಿರಿ. ಈ ವಯಸ್ಸಿನಲ್ಲಿ ಏನೂ ಮಾಡದಿದ್ದರೂ ಹುಡುಗರು ಬೆಳೆದು ಬಲವಾಗುತ್ತಾರೆ, ಆ ಪಾಲನ್ನು ತರಬೇತಿಯ ಲೆಕ್ಕಕ್ಕೆ ಹಾಕಬಾರದು. ತೂಕ ಏರದೆಯೂ ಎಸೆತದ ದೂರ ಏರಿದ್ದರೆ ತರಬೇತಿ ಕೆಲಸ ಮಾಡುತ್ತಿದೆ. ಎಸೆತದ ದೂರ ಏರಿ ಟೀ ಮೇಲಿನ ವೇಗ ನಿಂತಲ್ಲೇ ನಿಂತಿದ್ದರೆ ಬಲ ಬಂದಿದೆ, ಸ್ವಿಂಗ್‌ಗೆ ಇಳಿದಿಲ್ಲ. ಆಗ ವ್ಯಾಯಾಮ ಹೆಚ್ಚಿಸಬೇಡಿ. ಮೆಡಿಸಿನ್ ಬಾಲ್ ಎಸೆದ ಕೂಡಲೇ ಬ್ಯಾಟ್ ಹಿಡಿಸಿ ಐದಾರು ಸ್ವಿಂಗ್ ಹೊಡೆಸಿ, ಮತ್ತೆ ವಿಡಿಯೊ ತೆಗೆದು ಬಕಲ್ ಮತ್ತು ಅಕ್ಷರಗಳನ್ನು ನೋಡಿ.